ಸೀಮೆಯ ಬಳೆಯ ಒಂಬತ್ತು

ನನ್ನ ಬಾಯಿ ಮೊದಲಿನಿಂದಲೂ ಜೋರು. ಅದೇ ಬಾಯಿಂದ, ಮದುವೆಗೆ ಇನ್ನು ಹದಿನೈದೇ ದಿನ ಇರುವಾಗ, ಒಬ್ಬ ಸಜ್ಜನರನ್ನು ಕಳ್ಳ ಎಂದುಬಿಟ್ಟೆ.

ಆಗಿನ್ನೂ ಬಿಳಿ ದೊರೆಗಳ ಕಾಲ. ಆಲ್ದೂರಿನಾಚೆ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರ್. ಹಳೆಯ ದೊರೆಸಾನಿ ಸೀಮೆಗೆ, ಅಂದರೆ ಇಂಗ್ಲೆಂಡಿಗೆ ಹೊರಟಾಗ, ತನ್ನ ಬಾಣಂತನ ಮಾಡಿದ್ದಕ್ಕಾಗಿ ಕೈಯಲ್ಲಿದ್ದ ದಪ್ಪ ಬಳೆಯನ್ನೇ ಬಿಚ್ಚಿ ಅಮ್ಮನಿಗೆ ಕೊಟ್ಟಿದ್ದಳು. ಅದನ್ನು ಕರಗಿಸಿ ನನಗೆ ಎರಡೆಳೆ ಅವಲಕ್ಕಿ ಸರ ಮಾಡಿಸುತ್ತೇವೆಂದು ಗಂಡಿನವರಿಗೆ ಮಾತು ಕೊಟ್ಟಾಗಿತ್ತು. ಬರಿಗೊರಳಲ್ಲಿ ಹಸೆಗೆ ಕೂತರೆ ಮಾತು ತಪ್ಪಿದ ಮನೆಯವಳೆಂದು ಜನ್ಮವಿಡೀ ಅನ್ನಿಸಿಕೊಳ್ಳಬೇಕಿತ್ತು.

ಬಳೆಯ ಒಳಮೈಯಲ್ಲಿ ಸಣ್ಣದಾಗಿ ಇಂಗ್ಲಿಷಿನ ಒಂಬತ್ತರ ಅಂಕಿ ಇತ್ತು. ಅದೇನೆಂದು ಕೇಳಿದರೆ ಅಪ್ಪ ನಕ್ಕರು.

"ಅಷ್ಟೂ ಗೊತ್ತಾಗಲ್ವ? ನಾವು ಮುದ್ರೆ ಹೊಡೆಯೋದು ಯಾವ ಮೂಟೆಗೆ? ಒಂದನೇ ನಂಬರ್ ಕಾಫಿಗೆ. ಆರಿಸಿ ಬಿಸಾಕೋ ಕರಿಬೀಜಕ್ಕೆ ಯಾರಾದ್ರೂ ಮುದ್ರೆ ಹೊಡೀತಾರ? ಸೀಮೆಯವರು ಮುದ್ರೆ ಹೊಡೆದಿದಾರೆ ಅಂದ್ಮೇಲೆ ಅದು ಅಪರಂಜಿ!"

ಕಾಫಿಯ ವಿಷಯದಲ್ಲಿ ಅಪ್ಪನ ಮಾತು ಯಾವತ್ತೂ ಸುಳ್ಳಾಗಿರಲಿಲ್ಲ. ಚಿನ್ನದಲ್ಲೂ ನಂಬಿದೆವು.

ಆಗೆಲ್ಲ ಒಡವೆ ಮಾಡಲು ಆಚಾರ್ರು ಮನೆಗೇ ಬಂದು ಜಗಲಿಯಲ್ಲಿ ಅಗ್ಗಿಷ್ಟಿಕೆ ಹೂಡುತ್ತಿದ್ದರು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುತ್ತಾರಲ್ಲ, ಅದಕ್ಕೇ ಮನೆಯವರೊಬ್ಬರು ಎದುರು ಕಾವಲು ಕೂರಬೇಕು. ನನ್ನ ಸರಕ್ಕೆ ನಾನೇ ಕೂತೆ. ಅಷ್ಟರಲ್ಲಿ ಅಕಾಲದ ಮೋಡ ಕವಿಯಿತು. ಕಣದಲ್ಲಿ ಕಾಫಿ ಹರವಿತ್ತು. ಒಂದು ಹನಿ ಬಿದ್ದರೂ ಹಾಳು. ಮನೆಮಂದಿಯೆಲ್ಲ ಓಡಿದೆವು. ಕಾಫಿ ರಾಶಿ ಮಾಡಿ ತಾಡಪಾಲು ಮುಚ್ಚಿ ನಾನು ಏದುಸಿರು ಬಿಡುತ್ತಾ ಬಂದರೆ, ಆಚಾರ್ರು ಒರೆಗಲ್ಲು ಹಿಡಿದು ಸಪ್ಪೆ ಮುಖ ಮಾಡಿಕೊಂಡಿದ್ದರು. ಕಲ್ಲಿನ ಮೇಲೆ ಎರಡು ಗೆರೆ. ಹೋಲಿಸಲೆಂದು ಉಜ್ಜಿದ ಅಮ್ಮನ ಹಳೇ ಉಂಗುರದ್ದು ಹಳದಿ, ಬಳೆಯದ್ದು ಕೆಂಪು. ದ್ರಾವಕ ಹನಿಸಿದರು. ಉಂಗುರದ ಗೆರೆ ಉಳಿಯಿತು, ಬಳೆಯದ್ದು ಹಸಿರು ನೊರೆಯಾಗಿ ಮಾಯ!

"ಇದ್ರಲ್ಲಿ ಚಿನ್ನಕ್ಕಿಂತ ತಾಮ್ರಾನೇ ಜಾಸ್ತಿ ಮಗಾ."

ನನಗೆ ಮೈಯೆಲ್ಲ ಉರಿದುಹೋಯಿತು. "ನಾವು ಕಣಕ್ಕೆ ಹೋದಾಗ ಬಳೆ ಬದಲಾಯಿಸಿದ್ರಿ! ಕಳ್ಳ!"

ಅವರು ಕೂಗಾಡಲಿಲ್ಲ. ಬಳೆಯನ್ನು ನನ್ನ ಕೈಗಿಟ್ಟರು. ಒಂಬತ್ತು ಅಲ್ಲೇ ಇತ್ತು.

"ಸೀಮೆಯಲ್ಲಿ ಅಪ್ಪಟ ಚಿನ್ನ ಅಂದ್ರೆ ಇಪ್ಪತ್ನಾಲ್ಕು ಪಾಲು. ಇದ್ರಲ್ಲಿ ಒಂಬತ್ತೇ ಪಾಲು ಅಂತ ಅವರೇ ಬರೆದಿದಾರೆ. ಒಳ್ಳೇದು ಅಂತಲ್ಲಮ್ಮ, ಇಷ್ಟೇ ಇದೆ ಅಂತ ಮುದ್ರೆ."

ಸಾಮಾನು ಕಟ್ಟಿಕೊಂಡು ಹೊರಟೇಹೋದರು. ಮಾರನೇ ದಿನ ಅಪ್ಪ ಬಂಗಲೆಗೆ ಹೋಗಿ ಹೊಸ ದೊರೆಯನ್ನು ಕೇಳಿದರೆ ಅವನೂ ಅದನ್ನೇ ಹೇಳಿದನಂತೆ, ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಅಪ್ಪ ಅಲ್ಲಿಂದ ನೆಟ್ಟಗೆ ಆಚಾರ್ರ ಮನೆಗೆ ಹೋಗಿ ಕೈಮುಗಿದು ಬಂದರು. ನನಗೆ ಹೋಗಲು ಮುಖವಿರಲಿಲ್ಲ. ಇದ್ದ ಚಿನ್ನದಲ್ಲಿ ಎರಡೆಳೆ ಹೋಗಲಿ, ಒಂದೆಳೆಯೂ ಆಗುವಂತಿರಲಿಲ್ಲ. ಅಮ್ಮ ಎರವಲು ಕೇಳಿದ ಮನೆಗಳಲ್ಲೆಲ್ಲ ಅದೇ ಲಗ್ನಕ್ಕೆ ಬೇರೆ ಮದುವೆ.

ಮದುವೆಯ ಬೆಳಿಗ್ಗೆ ನನಗೆ ಜಡೆ ಹೆಣೆಯುತ್ತಿದ್ದಾಗ ಆಚಾರ್ರ ಹೆಂಡತಿ ಕೋಣೆಗೆ ಬಂದರು. ಅವರು ತಮ್ಮ ಕೊರಳಿನ ಎರಡೆಳೆ ಅವಲಕ್ಕಿ ಸರ ಬಿಚ್ಚಿ ನನ್ನ ಮುಂದೆ ಹಿಡಿದರು.

"ತಗೋ ಮಾರಾಯ್ತಿ, ಕಳ್ಳನ ಮನೆ ಸರ. ಒರೆಗೆ ಹಚ್ಚಿ ನೋಡೇ ಹಾಕ್ಕೋ!"

ಕೋಣೆಯಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದರು. ನನಗೆ ನಗುವೂ ಬಂತು, ಅಳುವೂ ಬಂತು. ಅವರೇ ನನ್ನ ಕಣ್ಣೊರೆಸಿ, ಸರ ಹಾಕಿ, ಕೊಂಡಿ ಭದ್ರ ಮಾಡಿದರು. ಆ ದಿನ ಮೊಟ್ಟಮೊದಲು ನಾನು ಬಗ್ಗಿ ನಮಸ್ಕರಿಸಿದ್ದು ಅಪ್ಪ ಅಮ್ಮನಿಗಲ್ಲ, ಅವರಿಗೆ.