ಹೊಲದ ಮೇಲಿನ ದೋಣಿ

ಆಗೆಲ್ಲ ದೋಣಿ ಹತ್ತಿದವರು ಗಡಿಯಾರ ನೋಡುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯ ಮಾತು. ಎಲ್ಲಮ್ಮನ ಗುಡ್ಡಕ್ಕೆ ಬಂದವರು ಕೈಮುಗಿದು, ಉಂಡು, ಊರಿನ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಡ್ಯಾಮಿನ ಹಿನ್ನೀರಿನ ಕಡೆ ಇಳಿದು ಬರುತ್ತಿದ್ದರು. ಬೈಲಹೊಂಗಲದಿಂದ, ಸಂಪಗಾಂವದಿಂದ ಮನೆಮಂದಿಯೆಲ್ಲ ಟೆಂಪೋ ಮಾಡಿಕೊಂಡು ಬರುವವರೂ ಇದ್ದರು. ದಂಡೆಯಲ್ಲಿ ನಮ್ಮ ದೋಣಿ ನಿಂತಿರುತ್ತಿತ್ತು. ತಗಡಿನ ಮೈ, ಹಸಿರು ಬಣ್ಣ, ಕೂರಲು ಅಡ್ಡ ಹಲಗೆಗಳು, ಹಿಂದೆ ಬಾವಿಗೆ ಕೂಡಿಸುವಂಥ ಪಂಪಿನ ಇಂಜಿನ್. ಅದರಲ್ಲಿ ಆಚೆ ದಂಡೆಯ ಮಾವಿನ ಗಿಡಗಳ ನೆರಳಿಗೆ ಹೋಗಿ ರೊಟ್ಟಿಯ ಗಂಟು ಬಿಚ್ಚುವುದು, ಮಕ್ಕಳು ಚಪ್ಪಟೆ ಕಲ್ಲು ಹುಡುಕಿ ನೀರ ಮೇಲೆ ಕಪ್ಪೆ ಹಾರಿಸುವುದು, ಹೆಂಗಸರು ಎಲೆಯಡಿಕೆ ಹಾಕಿಕೊಂಡು ಕಾಲು ಚಾಚುವುದು, ಬಿಸಿಲು ಇಳಿದ ಮೇಲೆ ತಿರುಗಿ ಬರುವುದು. ಅವಸರ ಯಾರಿಗೂ ಇರಲಿಲ್ಲ, ಅಪ್ಪನಿಗಂತೂ ಇರಲೇ ಇಲ್ಲ.

ದೋಣಿ ಅಪ್ಪ ಮತ್ತು ದಸ್ತಗೀರ ಕಾಕಾ ಇಬ್ಬರದೂ ಆಗಿತ್ತು. ಇಬ್ಬರೂ ಒಂದೇ ಊರಿನವರು. ಆ ಊರು ಡ್ಯಾಮಿನ ನೀರಿನಲ್ಲಿ ಮುಳುಗಿದಾಗ ಇಬ್ಬರೂ ಚಿಕ್ಕ ಹುಡುಗರು. ನಮ್ಮ ಹೊಲ ನೀರಿನ ಕೆಳಗಿತ್ತು, ಕಾಕಾನ ತಾಯಿಯ ಗೋರಿ ನೀರಿನ ಕೆಳಗಿತ್ತು. ಉಳಿದವರೆಲ್ಲ ಸರಕಾರ ಕೊಟ್ಟ ಜಾಗಕ್ಕೆ ಹೋದರು. ಇವರಿಬ್ಬರ ಮನೆಯವರು ಮಾತ್ರ ದಂಡೆ ಬಿಟ್ಟು ಕದಲಲಿಲ್ಲ. ಇಂಜಿನ್ನಿನ ಕೆಲಸ ಕಾಕಾನದು, ಜನರನ್ನು ಕರೆದು ಕೂರಿಸುವ ಕೆಲಸ ಅಪ್ಪನದು.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಯ ಲೆಕ್ಕದಲ್ಲಿ ಹೊಲ ಮುಳುಗಿತ್ತೇ ಹೊರತು ಹೋಗಿರಲಿಲ್ಲ. ಸೀಗಿ ಹುಣ್ಣಿಮೆ ಬಂತೆಂದರೆ ಊರಿನವರೆಲ್ಲ ತಂತಮ್ಮ ಹೊಲಕ್ಕೆ ಬುತ್ತಿ ಹೊತ್ತು ಹೋಗುತ್ತಾರಲ್ಲ, ಫಲ ತುಂಬಿದ ಭೂಮಿತಾಯಿ ಬಸುರಿ ಎಂದು ಅವಳ ಬಯಕೆ ತೀರಿಸಲು ಅಡುಗೆಯನ್ನು ಚರಗವೆಂದು ಹೊಲದ ತುಂಬ ಚೆಲ್ಲುತ್ತಾರಲ್ಲ, ಆಯಿಗೂ ಹೋಗಲೇಬೇಕು. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿ ಪಲ್ಯ, ಕಡಬು, ಬಾನ, ಎಲ್ಲ ಕಟ್ಟಿಕೊಂಡು ಅವಳು ಸೀರೆಯ ನೆರಿಗೆ ಎತ್ತಿ ದೋಣಿ ಹತ್ತುತ್ತಿದ್ದಳು. ಪಾಂಡವರೆಂದು ಪೂಜಿಸುವ ಐದು ಕಲ್ಲುಗಳನ್ನು ದಂಡೆಯಿಂದಲೇ ಆರಿಸಿ ಉಡಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು.

ನಡುನೀರಿನಲ್ಲಿ ಹೊಲವನ್ನು ಹೇಗೆ ಹುಡುಕುವುದು? ಅದಕ್ಕೂ ಒಂದು ಪದ್ಧತಿ ಇತ್ತು. ಅಪ್ಪ ಮುಂದೆ ಕೂತು ಮುಂದಿನ ದಂಡೆಯ ಒಂಟಿ ಹುಣಸೆ ಮರವನ್ನೇ ನೋಡುತ್ತಿದ್ದ. ಆ ಮರ ತನ್ನ ಹಿಂದಿರುವ ಗುಡ್ಡದ ತಗ್ಗಿಗೆ ಸರಿಯಾಗಿ ಬರಬೇಕು. ದಸ್ತಗೀರ ಕಾಕಾ ಇಂಜಿನ್ನಿನ ಹತ್ತಿರ ಕೂತು ಹಿಂದೆ ಹೊರಳಿ, ಬೇರೆ ದಂಡೆಯ ತನ್ನ ಗುರುತನ್ನು ನೋಡುತ್ತಿದ್ದ. ಅಪ್ಪ "ಬಂತು" ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಕಾಕಾ ಹಿಂದಿನಿಂದ "ಬಂತು" ಎನ್ನುತ್ತಿದ್ದ. ಇಬ್ಬರ ಮಾತೂ ಕೂಡಿದ ಜಾಗವೇ ನಮ್ಮ ಹೊಲ. ಇಂಜಿನ್ ಬಂದ್ ಆಗುತ್ತಿತ್ತು. ಆಯಿ ಎರಡೂ ಕೈಯಿಂದ ಚರಗ ಚೆಲ್ಲುತ್ತಿದ್ದಳು. ಕಾಕಾ ತನ್ನ ತಾಯಿಯ ಹೆಸರಿನಲ್ಲಿ ಒಂದು ಹಿಡಿ ಮಲ್ಲಿಗೆ ಬಿಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದ. ನಾನು ಅಪ್ಪನ ಮಗ್ಗುಲಲ್ಲಿ ಕೂತು ನೀರಿನಲ್ಲಿ ಕೈ ಇಳಿಬಿಟ್ಟು, ನಮ್ಮ ಜೋಳದ ತೆನೆ ಬೆರಳಿಗೆ ತಾಗೀತೇ ಎಂದು ನೋಡುತ್ತಿದ್ದೆ. ನಗಬೇಡಿ, ನಿಜವಾಗಿಯೂ ನೋಡುತ್ತಿದ್ದೆ.

ನಾನು ಐದನೇ ಇಯತ್ತೆಗೆ ಬರುವ ಹೊತ್ತಿಗೆ ಎರಡು ಸಾವಿರದ ಇಸವಿ ದಾಟಿತ್ತು, ಪೆಟ್ರೋಲಿನ ದರ ಏರಲು ಹತ್ತಿತ್ತು. ಏರಿದ್ದು ಇಳಿಯಲಿಲ್ಲ. ದರ ಏರಿದ್ದು ನನಗೆ ಗೊತ್ತಾದದ್ದು ಪೇಪರಿನಿಂದಲ್ಲ, ಆಚೆ ದಂಡೆಯ ಮಾವಿನ ಗಿಡಗಳು ಕಾಣದಂತಾದವು, ಅದರಿಂದ. ಮೊದಲು ದೋಣಿ ಅಲ್ಲಿಯವರೆಗೆ ಹೋಗುವುದು ನಿಂತಿತು. ನಡುವಿನಿಂದಲೇ ತಿರುಗಿಸಿದರು. ಆಮೇಲೆ ನಡುವೂ ದೂರವಾಯಿತು, ದಂಡೆಯ ಗುಂಟ ಒಂದು ಸುತ್ತು ಹಾಕಿಸಿ ಇಳಿಸಿದರು. ಜನ ಮೊದಲಿನಂತೆ ಮನೆಮಂದಿಯಷ್ಟೇ ದೋಣಿ ಹಿಡಿಯುವುದನ್ನು ಬಿಟ್ಟರು. ಗುರುತಿಲ್ಲದವರ ಜೊತೆ ತುಂಬುವ ತನಕ ಕಾಯ್ದು, ಕಾಯ್ದು ಬೇಸತ್ತು, ಟೆಂಪೋ ಹತ್ತಿ ಹೋಗಿಬಿಡುತ್ತಿದ್ದರು. ಬುತ್ತಿ ತರುವವರಿಲ್ಲ, ಕಪ್ಪೆ ಹಾರಿಸುವವರಿಲ್ಲ. ಹೊಸದಾಗಿ ಮದುವೆಯಾದವರು ಬಂದರೆ ದಂಡೆಗೆ ಕಟ್ಟಿದ ದೋಣಿಯಲ್ಲೇ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಪ್ಪನೇ ಅವರಿಗೆ ಹುಟ್ಟು ಕೈಗೆ ಕೊಟ್ಟು, ನಡೆಸುವವರಂತೆ ಹಿಡಿಯಿರಿ ಎಂದು ಹೇಳಿಕೊಡುತ್ತಿದ್ದ. ಹಗ್ಗ ಫೋಟೋದಲ್ಲಿ ಕಾಣದಂತೆ ಅದಕ್ಕೆ ಅಡ್ಡ ನಿಲ್ಲುತ್ತಿದ್ದ. ಅಪ್ಪ ಹಾಗೆ ನಿಂತದ್ದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಆ ಇಂಜಿನ್ ಪೆಟ್ರೋಲಿನ ಮೇಲೆ ಚಾಲೂ ಆಗಿ, ಬಿಸಿಯಾದ ಮೇಲೆ ಚಿಮಣಿ ಎಣ್ಣೆಯ ಮೇಲೆ ಓಡುವಂಥದು. ರೇಶನ್ ಅಂಗಡಿಯಲ್ಲಿ ಸಿಗುವ ಸೀಮೆಎಣ್ಣೆಗೆ ನಮ್ಮ ಕಡೆ ಚಿಮಣಿ ಎಣ್ಣೆ ಎನ್ನುತ್ತಾರೆ. ಅದೂ ತಿಂಗಳಿಗೆ ತಿಂಗಳು ಕಡಿಮೆಯಾಗುತ್ತಿತ್ತು. ಒಂದು ದಿನ ಅವ್ವ ಸ್ಟೋವಿನ ಪಕ್ಕದ ಕ್ಯಾನನ್ನು ತಾನೇ ಎತ್ತಿ ತಂದು ಅಪ್ಪನ ಮುಂದೆ ಇಟ್ಟಳು. ಅಪ್ಪ ತಲೆ ಎತ್ತಲಿಲ್ಲ.

"ನನಗ ಒಲಿ ಐತಿ," ಎಂದಳು ಅವ್ವ. "ನಿಮ್ಮ ದೋಣಿಗೆ ಕಟಗಿ ಹಾಕಾಕ ಬರೂದಿಲ್ಲಲ್ಲ."

ಅಂದಿನಿಂದ ಅಡುಗೆಮನೆಯಲ್ಲಿ ಹೊಗೆ, ಅಪ್ಪನ ಅಂಗಿಯಲ್ಲಿ ಚಿಮಣಿ ಎಣ್ಣೆಯ ವಾಸನೆ. ಕರೆಂಟು ಹೋದರೆ ನಾನು ಓದುವುದೂ ನಿಲ್ಲುತ್ತಿತ್ತು, ಕಂದೀಲಿನಲ್ಲಿ ಎಣ್ಣೆ ಇರುತ್ತಿರಲಿಲ್ಲ. ದೋಣಿ ಮಾರಿಬಿಡೋಣ ಎಂದು ದಸ್ತಗೀರ ಕಾಕಾ ಒಮ್ಮೆ ಅಂದ. ಅವನ ಮನೆಯಲ್ಲಿ ಮಕ್ಕಳು ಹೆಚ್ಚು. ಅಪ್ಪ, ಸೀಗಿ ಹುಣ್ಣಿಮೆ ಒಂದು ಆಗಲಿ, ಆಯಿಯ ಚರಗ ಒಂದು ಆಗಲಿ ಎಂದ. ಕಾಕಾ ಒಪ್ಪಿದ. ಅವನಿಗೂ ಮಲ್ಲಿಗೆ ಬಿಡುವುದಿತ್ತಲ್ಲ.

ಆ ವರ್ಷ ನೀರು ದಂಡೆಯ ತುಟಿಗೆ ಬಂದು ನಿಂತಿತ್ತು. ನೀರು ತುಂಬಿದಷ್ಟೂ ದೋಣಿ ಖಾಲಿ. ಹುಣ್ಣಿಮೆ ಹತ್ತಿರ ಬಂದಂತೆ ಅಪ್ಪ ಊಟದ ನಡುವೆ ಎದ್ದು ಹೋಗುವುದು, ದಂಡೆಯಲ್ಲಿ ಸುಮ್ಮನೆ ನಿಲ್ಲುವುದು ಸುರುವಾಯಿತು. ಹೊಲದ ತನಕ ಹೋಗಿ ಬರುವಷ್ಟು ಎಣ್ಣೆ ಇರಲಿಲ್ಲ. ಆಯಿ ಮಾತ್ರ ಕಡಬಿಗೆ ಬೆಲ್ಲ ಕುಟ್ಟುತ್ತ ಕೂತಿದ್ದಳು. ಎಣ್ಣೆಯ ಸುದ್ದಿ ಅವಳ ಕಿವಿಗೆ ಹಾಕುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹುಣ್ಣಿಮೆಯ ದಿನ ಮಧ್ಯಾಹ್ನ ಬೈಲಹೊಂಗಲದ ಒಂದು ಮನೆತನದವರು ಗುಡ್ಡದಿಂದ ಇಳಿದು ಬಂದರು. ಅಂಗಡಿಯ ಯಜಮಾನರು, ಅವರ ಹೆಂಡತಿ, ಸೊಸೆಯಂದಿರು, ಮಕ್ಕಳು. ಎಷ್ಟೋ ತಿಂಗಳ ಮೇಲೆ ಇಡೀ ದೋಣಿ ಕೇಳಿದವರು ಅವರೊಬ್ಬರೇ. ಅಪ್ಪನ ಮುಖ ಅರಳಿತು. ನಡುವೆ ಒಂದಿಷ್ಟು ಪೂಜೆ ಇದೆ, ಕೂಡಿಯೇ ಹೋಗೋಣವೇ ಎಂದು ಕೇಳಿದ. ಅವರೂ ಹೊಲಮನೆ ಇದ್ದವರು, ಸಂತೋಷದಿಂದ ಒಪ್ಪಿದರು. ಅವರ ದುಡ್ಡಿನಲ್ಲಿ ಕಾಕಾ ಓಡಿಹೋಗಿ ಚಿಮಣಿ ಎಣ್ಣೆ ತಂದ. ಪೆಟ್ರೋಲಿನ ಬಂಕು ದೂರ, ಅದು ಮಾತ್ರ ಬಾಟಲಿಯ ತಳದಲ್ಲಿ ಒಂದು ಸಲ ಚಾಲೂ ಮಾಡುವಷ್ಟೇ ಇತ್ತು. ನಡುವೆ ಇಂಜಿನ್ ಬಂದ್ ಮಾಡುವುದು ಬೇಡ, ಗುಡುಗುಡು ಎನ್ನುತ್ತಲೇ ಇರಲಿ, ಆಯಿ ಚರಗ ಚೆಲ್ಲಿ ಮುಗಿಸಲಿ ಎಂದು ಇಬ್ಬರೂ ಮಾತಾಡಿಕೊಂಡರು.

ಹೋಗುವಾಗ ಹಳೆಯ ದಿನಗಳೇ ತಿರುಗಿ ಬಂದಂತಿತ್ತು. ಮಕ್ಕಳ ಗದ್ದಲ, ಬಳೆಯ ಸಪ್ಪಳ, ಬುತ್ತಿಯ ಪುಂಡಿ ಪಲ್ಯದ ಬೆಳ್ಳುಳ್ಳಿ ವಾಸನೆ. ಹುಣಸೆ ಮರ ಗುಡ್ಡದ ತಗ್ಗಿಗೆ ಬಂತು. "ಬಂತು" ಎಂದ ಅಪ್ಪ. ಹಿಂದಿನಿಂದ ಕಾಕಾನೂ "ಬಂತು" ಎಂದ. ಇಂಜಿನ್ ಬಡಿದುಕೊಳ್ಳುತ್ತಲೇ ಇತ್ತು. ಆಯಿ ಹಲಗೆಯ ಮೇಲೆ ಐದು ಕಲ್ಲು ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಕೈಯಲ್ಲಿ ಚರಗ ಹಿಡಿದು, ಚೆಲ್ಲದೆ ಕೂತಳು.

"ಬಸು, ಅದನ್ನ ಬಂದ್ ಮಾಡೋ," ಎಂದಳು ಅಪ್ಪನಿಗೆ. "ಬಸುರಿ ಮುಂದ ಹಿಂಗ ಗದ್ದಲ ಮಾಡತಾರೇನು? ಆಕಿ ಅಂಜಂಗಿಲ್ಲೇನು?"

"ಆಯಿ, ಬಂದ್ ಮಾಡಿದ್ರ ಮತ್ತ ಹತ್ತೂದಿಲ್ರಿ," ಎಂದ ಕಾಕಾ.

ಆಯಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪ ಆ ಕೈಯನ್ನು ನೋಡಿದ, ಕಾಕಾನನ್ನು ನೋಡಿದ. ಬಿಸಿ ಆರುವ ಮೊದಲೇ ಇಂಜಿನ್ನಿನ ಹಗ್ಗ ಎಳೆದರೆ ಚಿಮಣಿ ಎಣ್ಣೆಯ ಮೇಲೂ ಹತ್ತುತ್ತದೆ, ಒಂದೇ ಗಳಿಗೆಯ ಕೆಲಸ ಎಂದ. ಕಾಕಾ ಇಂಜಿನ್ ಬಂದ್ ಮಾಡಿದ.

ಎಂಥ ಮೌನ ಅದು. ದೋಣಿಯ ಮೈಗೆ ನೀರು ತಾಗುವ ಸಪ್ಪಳವಷ್ಟೇ. ಬೈಲಹೊಂಗಲದ ಮಕ್ಕಳೂ ಸುಮ್ಮನಾದರು. ಆಯಿ ಚರಗ ಚೆಲ್ಲಿದಳು, ಕಾಕಾನ ಮಲ್ಲಿಗೆ ತೇಲಿತು. ಅಷ್ಟಕ್ಕೇ ಎದ್ದಿದ್ದರೆ ಆಗುತ್ತಿತ್ತು. ಆದರೆ ಆಯಿ ಬುತ್ತಿ ಬಿಚ್ಚಿದಳು. ಹೊಲಕ್ಕೆ ಬಂದವರನ್ನು ಹಸಿದು ಕಳಿಸುವುದುಂಟೇ? ಅವಳ ಮಟ್ಟಿಗೆ ಅವರು ದುಡ್ಡು ಕೊಟ್ಟು ದೋಣಿ ಹತ್ತಿದವರಲ್ಲ, ಹೊಲಕ್ಕೆ ಬಂದ ಬೀಗರು. ಒಬ್ಬೊಬ್ಬರ ಕೈಗೂ ರೊಟ್ಟಿ, ರೊಟ್ಟಿಯ ಮೇಲೆ ಎಣ್ಣಿಗಾಯಿ, ಒಂದು ಕಡಬು, ಬೇಡವೆಂದರೂ ಇನ್ನೊಂದು. ಅವರೂ ಒಲ್ಲೆ ಎನ್ನಲಾರದೆ ಉಂಡರು. ಕಾಕಾ ಇಂಜಿನ್ನಿನ ಮೇಲೆ ಅಂಗೈ ಇಟ್ಟು ಇಟ್ಟು ನೋಡುತ್ತಿದ್ದ. ಉಣ್ಣುವವರನ್ನು ಏಳಿಸುವ ಮಾತು ಅವನ ಬಾಯಿಂದಲೂ ಬರಲಿಲ್ಲ, ಅಪ್ಪನ ಬಾಯಿಂದಲೂ ಬರಲಿಲ್ಲ.

ಇಂಜಿನ್ ಹತ್ತಲಿಲ್ಲ. ಕಾಕಾ ಹಗ್ಗ ಸುತ್ತಿ ಎಳೆದ. ಅಪ್ಪ ಎಳೆದ. ಅಂಗಡಿಯ ಯಜಮಾನರೂ ರುಮಾಲು ತೆಗೆದಿಟ್ಟು ಎಳೆದರು. ಅಂಗೈ ಸುಲಿದು ಹಗ್ಗ ಕೆಂಪಾಯಿತು. ಅಷ್ಟರಲ್ಲಿ ಗಾಳಿ ಎದ್ದಿತು. ತುಂಬಿದ ತಗಡಿನ ದೋಣಿ ಹುಟ್ಟಿನ ಮಾತು ಕೇಳಲಿಲ್ಲ, ಅಡ್ಡಡ್ಡ ಸರಿಯತೊಡಗಿತು. ಅಲೆ ಒಳಗೆ ಹಾರಿ ಬುತ್ತಿಯ ಅರಿವೆ ತೊಯ್ದಿತು. ಮಕ್ಕಳು ಅಳತೊಡಗಿದರು. ಸಣ್ಣ ಸೊಸೆ ಕೂಸನ್ನು ಸೆರಗಿನಿಂದ ಮೈಗೆ ಕಟ್ಟಿಕೊಂಡಳು. ಈಗಷ್ಟೇ ನಮ್ಮ ಕಡಬು ತಿಂದಿದ್ದ ಯಜಮಾನರು ಅಪ್ಪನ ಅಂಗಿಯ ಕೊರಳು ಹಿಡಿದರು. ನಿನ್ನ ಮುದುಕಿಯ ಪೂಜೆಗೆ ನನ್ನ ಮೊಮ್ಮಕ್ಕಳನ್ನು ಬಲಿ ಕೊಡುತ್ತೀಯೇನು ಎಂದು ಕೇಳಿದರು. ತಪ್ಪೆನ್ನಲು ಬರುವುದಿಲ್ಲ, ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಕೇಳುತ್ತಿದ್ದರು.

ಅಪ್ಪ ಕೊರಳು ಬಿಡಿಸಿಕೊಂಡು, ದೋಣಿಯ ಹಗ್ಗವನ್ನು ಸೊಂಟಕ್ಕೆ ಬಿಗಿದು ನೀರಿಗೆ ಹಾರಿದ. ಈಸುತ್ತ ಎಳೆಯುತ್ತೇನೆ ಎಂದುಕೊಂಡಿರಬೇಕು. ಅವನ ತಲೆ ಅಲೆಯಲ್ಲಿ ಮುಳುಗುವುದು, ಏಳುವುದು ಕಾಣುತ್ತಿತ್ತು. ನಾನು ಅಪ್ಪಾ ಎಂದು ಒದರಿದೆನೋ ಇಲ್ಲವೋ ನೆನಪಿಲ್ಲ. ದೋಣಿಯೇ ಅಪ್ಪನನ್ನು ಹಿಂದಕ್ಕೆ ಎಳೆದೊಯ್ಯುತ್ತಿದ್ದದ್ದು ಮಾತ್ರ ನೆನಪಿದೆ. ಕೊನೆಗೆ ಕಾಕಾ ಹಗ್ಗ ಜಗ್ಗಿ ಅವನನ್ನು ಮೇಲಕ್ಕೆ ತೆಗೆದುಕೊಂಡ. ಅಪ್ಪ ಹಲಗೆಯ ಮೇಲೆ ಬೋರಲು ಬಿದ್ದು ನೀರು ಕಾರಿದ, ಆಮೇಲೆ ಸಣ್ಣ ಹುಡುಗನಂತೆ ಅತ್ತ. ಆಯಿ ಸೆರಗಿನಿಂದ ಅವನ ತಲೆ ಒರೆಸಿದಳು. ಒರೆಸುತ್ತ ಕೇಳಿದಳು:

"ಇನ್ನೂ ಹೊಲದ ಮ್ಯಾಲ ಅದೀವೇನೋ ಬಸು, ದಾಟಿದಿವೇನು?"

ಅಪ್ಪ ತಲೆ ಎತ್ತಿ ನೋಡಿದ. ಮೋಡ ಕವಿದು ಗುಡ್ಡವೂ ಇರಲಿಲ್ಲ, ಹುಣಸೆ ಮರವೂ ಇರಲಿಲ್ಲ. "ಗೊತ್ತಾಗವಲ್ದು ಆಯಿ," ಎಂದ.

ಪೂರ್ತಿ ಕತ್ತಲಾಗುವ ಮೊದಲು ಮೀನು ಹಿಡಿಯುವವರು ನಮ್ಮನ್ನು ಕಂಡು, ತಮ್ಮ ಹರಿಗೋಲುಗಳಲ್ಲಿ ಒಂದೊಂದು ಸಲಕ್ಕೆ ಇಷ್ಟಿಷ್ಟು ಜನರನ್ನು ಇಳಿಸಿಕೊಂಡು ದಂಡೆ ಮುಟ್ಟಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಸುದ್ದಿ ಆದಮೇಲೆ ನಮ್ಮ ದೋಣಿಯನ್ನು ಯಾರೂ ಹತ್ತಲಿಲ್ಲ, ಫೋಟೋಕ್ಕೂ ಹತ್ತಲಿಲ್ಲ. ಇಂಜಿನ್ನನ್ನು ಹೂಲಿ ಕಡೆಯ ರೈತರೊಬ್ಬರು ತಮ್ಮ ಬಾವಿಗೆ ಒಯ್ದರು. ದೋಣಿಯನ್ನು ತಗಡಿನ ಬೆಲೆಗೆ ಕೊಟ್ಟೆವು. ದಸ್ತಗೀರ ಕಾಕಾ ಲಾರಿ ಹೊಡೆಯಲು ಗೋವಾದ ಕಡೆ ಹೋದ. ಮರುವರ್ಷ ಸೀಗಿ ಹುಣ್ಣಿಮೆಗೆ ಆಯಿ ದಂಡೆಯಲ್ಲೇ ನಿಂತು ಚರಗ ಚೆಲ್ಲಿದಳು. ಅಲೆ ಅದನ್ನು ತಿರುಗಿ ತಂದು ಅವಳ ಕಾಲ ಬುಡದಲ್ಲೇ ಬಿಟ್ಟಿತು. ಮತ್ತೆ ಬಗ್ಗಿ ಎತ್ತಿ ಚೆಲ್ಲಿದಳು, ಮತ್ತೆ ಬಂತು. ಅದರ ಮುಂದಿನ ಹುಣ್ಣಿಮೆಗೆ ಅವಳಿರಲಿಲ್ಲ.

ಈಗ ಅಪ್ಪನೂ ಇಲ್ಲ. ಗೋವಾಕ್ಕೆ ಹೋದ ಕಾಕಾ ಅಲ್ಲಿಯೇ ತೀರಿಹೋದನೆಂದು ಬಹಳ ತಡವಾಗಿ ತಿಳಿಯಿತು. ಹೋದ ವರ್ಷ ಸೀಗಿ ಹುಣ್ಣಿಮೆಗೆ ನಾನೊಬ್ಬಳೇ ಹಿನ್ನೀರಿಗೆ ಹೋಗಿದ್ದೆ. ಬಣ್ಣದ ಪ್ಲಾಸ್ಟಿಕ್ಕಿನ ದೋಣಿಗಳು ದಂಡೆಯ ಹತ್ತಿರವೇ ಒಂದು ಸುತ್ತು ಹಾಕುತ್ತಿದ್ದವು. ಹತ್ತಿದವರು ಮೊಬೈಲು ಎತ್ತಿ ಫೋಟೋ ತೆಗೆಯುವಷ್ಟರಲ್ಲಿ ಸುತ್ತು ಮುಗಿದು ಇಳಿಯುತ್ತಿದ್ದರು. ನಾನೂ ಒಂದರಲ್ಲಿ ಕೂತೆ. ಬ್ಯಾಗಿನಲ್ಲಿ ಚರಗದ ಡಬ್ಬಿ ಇತ್ತು. ಇನ್ನೂ ಒಳಗೆ ಹೋಗೋಣವೇ ಎಂದು ಕೇಳಿದರೆ ದೋಣಿಯವನು ತಲೆಯಾಡಿಸಿದ.

"ಅಷ್ಟ ದೂರ ಯಾರೂ ಹೋಗೂದಿಲ್ರಿ ಅಕ್ಕಾರ. ಎಣ್ಣಿ ಭಾಳ ಹೋಗತೈತಿ."

ಎಷ್ಟಾದರೂ ಕೊಡುತ್ತೇನೆ ಎಂದು ಕಾಡಿದೆ, ಬೇಡಿದೆ. ಕೊನೆಗೆ ಅವನು ಸೋತು, ಎಲ್ಲಿಗೆ ಹೋಗಬೇಕು ಹೇಳಿರಿ ಎಂದ. ಹುಣಸೆ ಮರ ಇನ್ನೂ ಇತ್ತು. ಅದನ್ನು ಗುಡ್ಡದ ತಗ್ಗಿಗೆ ಹಿಡಿದು ಹೋಗು ಎಂದೆ. ಹೋದ. ಮರ ತಗ್ಗಿಗೆ ಬಂತು. ಅದೇ ಗೆರೆ ಹಿಡಿದು ದೋಣಿ ಮುಂದೆ ಮುಂದೆ ಹೋಗುತ್ತಲೇ ಇತ್ತು. ಎಲ್ಲಿ ನಿಲ್ಲಿಸಲಿ ಎಂದು ಅವನು ಕೇಳಿದ, ಮತ್ತೊಮ್ಮೆ ಕೇಳಿದ. ಚಿಕ್ಕಂದಿನಲ್ಲಿ ನಾನು ಯಾವಾಗಲೂ ಅಪ್ಪನ ಮಗ್ಗುಲಲ್ಲಿ ಮುಂದೆ ನೋಡುತ್ತ ಕೂತವಳು. ಹಿಂದಿನ ದಂಡೆಯಲ್ಲಿ ದಸ್ತಗೀರ ಕಾಕಾ ಏನನ್ನು ನೋಡುತ್ತಿದ್ದನೋ ನನಗೆ ಗೊತ್ತಿಲ್ಲ. ಮಡಿಲಲ್ಲಿ ಡಬ್ಬಿ ಹಿಡಿದು, ಹಿಂದೆ ಹೊರಳಿ, ಆ ದಂಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. "ಬಂತು" ಎನ್ನುವವರು ಯಾರೂ ಇರಲಿಲ್ಲ.