ಅತ್ತೆಗೆ ಬಡಿಸಿದ ಬೆಣ್ಣೆ ಮೀನು

ನನ್ನ ಸೋದರತ್ತೆಗೆ ನಾನು ಕೈಯಾರೆ ಅಡುಗೆ ಮಾಡಿ ಬಡಿಸಿದ್ದು ಒಂದೇ ಒಂದು ಸಲ. ಕಾವಲಿ ಮೇಲೆ ಕೆಂಪಗೆ ಹುರಿದ ಅಂಜಲ್ ಮೀನು, ಅದರ ಮೇಲೆ ಬೆಣ್ಣೆ ಬೆಳ್ಳುಳ್ಳಿ ರಸ. ಚೆನ್ನಾಗೇ ಮಾಡಿದ್ದೆ. ಉಪ್ಪು ಸುರಿದು ಕೆಡಿಸಿ ಬಡಿಸೋದು ಸೇಡು ಅಲ್ಲ ಕಣ್ರೀ, ಅದು ಸೋಮಾರಿಗಳ ಕೆಲಸ. ಎರಡನೇ ಸಲ ಕೇಳಿ ಹಾಕಿಸ್ಕೊಂಡು ತಿನ್ನೋ ಹಾಗೆ ಮಾಡ್ಬೇಕು. ಹಾಗೇ ಮಾಡಿದೆ.

ನನ್ನ ಬಲಗೈ ಬೆರಳುಗಳು ಬೆಳ್ಳಗಿವೆ. ತುಟಿಯ ಒಂದು ಮೂಲೇಲೂ ಬಿಳಿ ಇದೆ. ಹತ್ತೊಂಬತ್ತನೇ ವಯಸ್ಸಿಗೆ ಬಂದ ತೊನ್ನು ಅದು. ಈಗ ನನಗೆ ಐವತ್ತು ಹತ್ತಿರ. ಕಡೂರಲ್ಲಿ ಬ್ಲೌಸ್ ಹೊಲಿಯೋ ಅಂಗಡಿ ಇಟ್ಕೊಂಡಿದ್ದೀನಿ, ಜೊತೆಗೆ ಅಮ್ಮ ಇದಾಳೆ. ಹೊಸದಾಗಿ ಬರೋ ಹೆಂಗಸರು ಮೊದಲು ನನ್ನ ಕೈ ನೋಡ್ತಾರೆ, ಆಮೇಲೆ ಹೊಲಿಗೆ ನೋಡ್ತಾರೆ. ಹೊಲಿಗೆ ನೋಡಿದ ಮೇಲೆ ಕೈ ಮರ್ತು ಹೋಗುತ್ತೆ. ಅಮ್ಮನಿಗೆ ಮಾತ್ರ ಮರೀಲಿಲ್ಲ. ಕಾಫಿ ಕೊಟ್ರೆ ಲೋಟ ನೋಡ್ತಾಳೆ, ಲೋಟ ಹಿಡಿದ ಬೆರಳು ನೋಡಲ್ಲ. ಮೂವತ್ತು ವರ್ಷ ಹೀಗೇ ನಡೀತು.

ಅದಕ್ಕೆ ಕಾರಣ ಹೇಳ್ತೀನಿ. ನಮ್ಮ ಮನೇಲಿ ಮೀನು ತಂದ ದಿನ ಹಾಲು, ಮೊಸರು, ಬೆಣ್ಣೆ ಯಾವುದನ್ನೂ ಮುಟ್ಟೋ ಹಾಗಿರ್ಲಿಲ್ಲ. ಎರಡೂ ಹೊಟ್ಟೇಲಿ ಕೂಡಿದ್ರೆ ತೊನ್ನು ಬರುತ್ತೆ ಅನ್ನೋದು ಮಾತು. ಮೀನಿನ ಬುಟ್ಟಿ ಅಂಗಳಕ್ಕೆ ಬರ್ತಿದ್ದ ಹಾಗೇ ಅಮ್ಮ ಮೊಸರಿನ ಗಡಿಗೇನ ನೆಲುವಿಗೆ ಏರಿಸಿಬಿಡ್ತಿದ್ಳು. ಅಷ್ಟು ಕಟ್ಟುನಿಟ್ಟು. ನಮ್ಮೂರು ಬುಕ್ಕಾಂಬುಧಿ ಹತ್ರ. ಒಂದು ಬೇಸಿಗೇಲಿ ಕೆರೆ ನೀರು ಇಳಿದು ಊರಿಗೆ ಊರೇ ಮೀನು ಹಿಡೀತು. ಮಧ್ಯಾಹ್ನ ಗೆಂಡೆ ಮೀನಿನ ಸಾರು ತಿಂದೆ. ಸಂಜೆಗೆ ನನಗೆ ಮೈ ಕಾದು ಜ್ವರ. ಅಮ್ಮ ಗಾಬರೀಲಿ ಒಂದು ಲೋಟ ಬಿಸಿ ಹಾಲು ಕುಡಿಸಿಬಿಟ್ಳು. ಕುಡಿಸಿದ ಮೇಲೆ ನೆನಪಾಯ್ತು. ನಾಲ್ಕು ತಿಂಗಳು ಕಳೆದ ಮೇಲೆ ನನ್ನ ತೋರುಬೆರಳಿನ ತುದೀಲಿ ಸಾಸಿವೆಯಷ್ಟು ಬಿಳಿ ಕಾಣಿಸ್ತು.

ಆಗ ಈ ಅತ್ತೆ ತರೀಕೆರೆಯಿಂದ ಬಂದಿದ್ಳು. ಅಪ್ಪನ ತಂಗಿ. ಅವಳ ಮಗನಿಗೆ ನಾನು ಅಂತ ತೊಟ್ಟಿಲಲ್ಲಿ ಇದ್ದಾಗ್ಲೇ ಮಾತಾಗಿತ್ತು. ಅಮ್ಮ ಅವಳನ್ನ ಹಿತ್ತಲಿನ ಒಗೆಯೋ ಕಲ್ಲಿನ ಹತ್ರ ಕರ್ಕೊಂಡು ಹೋಗಿ, ಕೈ ಹಿಡ್ಕೊಂಡು ಅತ್ತಳು. ‘ನಾನೇ ಕಣಮ್ಮ, ನನ್ನ ಕೈಯಾರೆ ಹಾಲು ಕೊಟ್ಟೆ, ಯಾರಿಗೂ ಹೇಳ್ಬೇಡ’ ಅಂದ್ಳು. ಅತ್ತೆ ಸೆರಗಲ್ಲಿ ಅಮ್ಮನ ಕಣ್ಣು ಒರೆಸಿದಳು. ಒರೆಸಿ ಬಸ್ ಹತ್ತಿದಳು. ಅಜ್ಜಂಪುರದಿಂದ ಲಿಂಗದಹಳ್ಳಿವರೆಗೆ ನಮ್ಮ ನೆಂಟರು ಎಷ್ಟು ಮನೆ ಇದಾರೋ ಅಷ್ಟೂ ಮನೇಲಿ ಕೂತು, ‘ನಮ್ಮ ಅತ್ತಿಗೇನೇ ಮಗಳಿಗೆ ತೊನ್ನು ತಂದಿಟ್ಳು, ಅವಳೇ ಒಪ್ಕೊಂಡ್ಳು’ ಅಂದ್ಳು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಒಂದು ತಿಂಗಳೊಳಗೆ ಅವಳ ಮಗನಿಗೆ ಲಿಂಗದಹಳ್ಳಿ ಹುಡುಗಿ ಗೊತ್ತಾಯ್ತು.

ಆ ಗಂಡು ತಪ್ಪಿದ್ದಕ್ಕೆ ನನಗೇನೂ ಸಂಕಟ ಇಲ್ಲ. ಅವನು ಊಟಕ್ಕೆ ಕೂತ್ರೆ ಬೀದಿವರೆಗೂ ಕೇಳೋ ಹಾಗೆ ಚಪ್ಪರಿಸ್ತಿದ್ದ. ಆದ್ರೆ ನಮ್ಮಮ್ಮ ಅವತ್ತಿಂದ ಮೀನು ಬಿಟ್ಳು. ಗೆಂಡೆ ತಲೇನ ಮುಳ್ಳು ಮುಳ್ಳಾಗಿ ಬಿಡಿಸಿ, ಕಣ್ಣು ಮುಚ್ಕೊಂಡು ತಿಂತಿದ್ದ ಹೆಂಗಸು ಕಣ್ರೀ ಅವಳು. ಮೀನನ್ನ ಮನೆ ಒಳಗೇ ಬಿಡಲಿಲ್ಲ. ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರು, ‘ಇದು ಊಟದಿಂದ ಬರೋದಲ್ಲಮ್ಮ, ನಿಮ್ಮ ತಪ್ಪು ಏನೂ ಇಲ್ಲ’ ಅಂತ ಬಿಡಿಸಿ ಹೇಳಿದ್ರು. ಅಮ್ಮ ಹೊರಗೆ ಬಂದು ಚಪ್ಪಲಿ ಹಾಕ್ಕೊಳ್ತಾ, ‘ಅವ್ರಿಗೇನು ಗೊತ್ತು, ನಿಮ್ಮತ್ತೇನೇ ಹೇಳಿದಾಳಲ್ಲ’ ಅಂದ್ಳು. ನನ್ನ ಹೊಟ್ಟೆ ಉರಿದು ಹೋಯ್ತು. ಹಾಕಿದವಳ ಕೈಯಲ್ಲೇ ಈ ಗಂಟು ಬಿಚ್ಚಿಸ್ಬೇಕು, ಅವಳ ಬಾಯಲ್ಲೇ ‘ತಪ್ಪು ನಿಮ್ಮದಲ್ಲ ಅತ್ತಿಗೆ’ ಅನ್ನಿಸ್ಬೇಕು ಅಂತ ಅವತ್ತು ಶಿವಮೊಗ್ಗ ಬಸ್ ಸ್ಟ್ಯಾಂಡಲ್ಲಿ ತೀರ್ಮಾನ ಮಾಡಿದೆ. ಚಿಕ್ಕಂದಿನಲ್ಲಿ ಅವಳನ್ನ ನೀನು ಅಂತಿದ್ದೆ. ಅಲ್ಲಿಂದ ನೀವು ಅನ್ನೋಕೆ ಶುರು ಮಾಡಿದೆ. ಮರ್ಯಾದೆ ಹೆಚ್ಚಾಯ್ತು ಅಂತ ಅವಳು ತಿಳ್ಕೊಂಡ್ಳು.

ನಾನು ಮಾತ್ರ ಮೀನು ಬಿಡಲಿಲ್ಲ. ದಾರ, ಲೈನಿಂಗ್ ಬಟ್ಟೆ ತರೋಕೆ ಶಿವಮೊಗ್ಗಕ್ಕೆ ಹೋದಾಗೆಲ್ಲ ಹೋಟೆಲಲ್ಲಿ ಮೀನೂಟ ಮಾಡ್ತಿದ್ದೆ. ಮೇಲೆ ಮೊಸರನ್ನ. ಮೊದಲ ಸಲ ಪಂಥಕ್ಕೆ ತಿಂದೆ, ಆಮೇಲೆ ರೂಢಿ ಆಯ್ತು. ಬೆರಳಿನ ಬಿಳಿ ಅಲ್ಲೇ ಇತ್ತು, ಒಂದು ಚುಕ್ಕೆ ಮುಂದೆ ಹೋಗ್ಲಿಲ್ಲ.

ಹೋದ ವರ್ಷ ಅತ್ತೆ ಫೋನ್ ಬಂತು. ‘ಮೊಮ್ಮಗಳ ಮದುವೆ ಕಣೇ. ಬ್ಲೌಸೆಲ್ಲ ನೀನೇ ಹೊಲೀಬೇಕು. ನಿನ್ನ ಕೈಗುಣ ಚೆನ್ನಾಗಿದೆ ಅಂತ ತರೀಕೆರೇಲೆಲ್ಲ ಅಂತಾರೆ.’

ಯಾವ ಕೈ ಅಂತ ಕೇಳ್ಬೇಕು ಅನ್ನಿಸ್ತು. ‘ಭಾನುವಾರ ಬನ್ನಿ ಅತ್ತೆ, ಊಟ ಇಲ್ಲೇ ಮಾಡುವ್ರಂತೆ’ ಅಂದೆ.

ಮೀನು ತರ್ತೀನಿ ಅಂದಾಗ ಅಮ್ಮ ಮುಖ ಊದಿಸ್ಕೊಂಡ್ಳು. ‘ನಿನ್ನ ನಾದಿನಿ ಅಷ್ಟು ದೂರದಿಂದ ಬರ್ತಾಳೆ, ಬರೀ ಬೇಳೆ ಸಾರು ಹಾಕ್ತೀಯಾ’ ಅಂದೆ. ನಾದಿನಿ ಹೆಸರು ಹೇಳಿದ್ರೆ ಅಮ್ಮ ಮೆತ್ತಗಾಗ್ತಾಳೆ ಅಂತ ನನಗೆ ಗೊತ್ತು. ಮಂಗಳೂರು ಕಡೆಯಿಂದ ಐಸಲ್ಲಿ ಬರೋ ಅಂಜಲ್ ತಂದೆ, ಬೆರಳು ದಪ್ಪದ ತುಂಡು, ನಡುಭಾಗದ್ದೇ. ಅಮ್ಮ ಮೊಸರಿನ ಪಾತ್ರೆ ಎತ್ತಿ ಶೆಲ್ಫಿನ ತುದೀಲಿಟ್ಟು, ಬೆಣ್ಣೆ ಡಬ್ಬ ಫ್ರಿಜ್ಜಿನ ಹಿಂದೆ ತಳ್ಳಿ ಸ್ನಾನಕ್ಕೆ ಹೋದ್ಳು. ಅವಳು ಆ ಕಡೆ ಹೋಗಿ ನೀರು ಬಿಟ್ಕೊಂಡ ಸದ್ದು ಕೇಳಿದ ಮೇಲೆ ನಾನು ಡಬ್ಬ ತೆಗೆದೆ.

ಫೋನಲ್ಲಿ ನೋಡಿ ಕಲ್ತಿದ್ದು ಇದು. ಕೆಲಸ ಸುಲಭ, ತಾಳ್ಮೆ ಬೇಕು, ಅಷ್ಟೆ. ಮೀನಿನ ತುಂಡನ್ನ ಬಟ್ಟೇಲಿ ಒತ್ತಿ ಒತ್ತಿ ಒಣಗಿಸ್ಬೇಕು, ಒದ್ದೆ ಇದ್ರೆ ಅದು ಬೇಯುತ್ತೆ, ಕೆಂಪಾಗಲ್ಲ. ಹೊಸ ಲೈನಿಂಗ್ ಬಟ್ಟೆ ಒಂದು ತುಂಡು ಕತ್ತರಿಸಿ ಅದರಲ್ಲೇ ಒತ್ತಿದೆ. ಉಪ್ಪು, ಮೆಣಸಿನ ಪುಡಿ, ಬೇರೇನಿಲ್ಲ. ಕಬ್ಬಿಣದ ಕಾವಲಿ ಕಾದು, ಚಿಮುಕಿಸಿದ ನೀರು ಗುಂಡಗೆ ಓಡಾಡ್ಬೇಕು. ಆಗ ಎಣ್ಣೆ, ಆಗ ಮೀನು. ಇಟ್ಟ ಮೇಲೆ ಮುಟ್ಟಬಾರದು. ಕೈ ತುರಿಸ್ತಾ ಇರುತ್ತೆ, ಆದ್ರೂ ಮುಟ್ಟಬಾರದು. ಅಂಚು ಬೆಳ್ಳಗಾಗಿ ಅದು ತಾನೇ ಕಾವಲಿ ಬಿಡೋವರೆಗೂ ಕಾಯ್ಬೇಕು. ಕಾಯೋದು ನನಗೇನು ಹೊಸದಾ? ತಿರುವಿ ಹಾಕಿ, ಉರಿ ತಗ್ಗಿಸಿ, ನಿಂಬೆಗಾತ್ರದ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ. ಬೆಣ್ಣೆ ನೊರೆ ಎದ್ದು ಹೊಂಬಣ್ಣಕ್ಕೆ ತಿರುಗಿದಾಗ ಚಮಚದಲ್ಲಿ ಎತ್ತೆತ್ತಿ ಮೀನಿನ ಮೇಲೆ ಹೊಯ್ದೆ. ಒಲೆ ಆರಿಸಿ ನಿಂಬೆಹಣ್ಣು ಹಿಂಡಿ, ಕೊತ್ತಂಬರಿ ಉದುರಿಸಿದೆ. ಕಿಟಕಿ ತೆಗೆದಿಟ್ಟೆ. ಬೆಳ್ಳುಳ್ಳಿ ವಾಸನೆ ಮಿಕ್ಕಿದ್ದನ್ನೆಲ್ಲ ಮುಚ್ತು.

ಅತ್ತೆ ಬಂದು, ಕೈಕಾಲು ತೊಳ್ಕೊಂಡು ಕೂತಳು. ಬಿಸಿ ಅನ್ನ, ಮೀನು, ಮೇಲೆ ಎರಡು ಚಮಚ ರಸ. ಒಂದು ತುತ್ತು ಬಾಯಿಗಿಟ್ಟು, ‘ಏನು ಹಾಕಿದೀಯೇ ಇದಕ್ಕೆ’ ಅಂದ್ಳು.

‘ಬೆಳ್ಳುಳ್ಳಿ, ನಿಂಬೆಹಣ್ಣು’ ಅಂದೆ. ಸುಳ್ಳಲ್ಲ. ಮೀನಲ್ಲಿ ಬೆಣ್ಣೆ ಇರುತ್ತೆ ಅಂತ ಅವಳಿಗೆ ಹೊಳೆಯೋದಾದ್ರೂ ಹೇಗೆ? ಎರಡನೇ ತುಂಡು ಕೇಳಿ ಹಾಕಿಸ್ಕೊಂಡ್ಳು. ತಟ್ಟೇಲಿ ಉಳಿದ ರಸಾನ ಅನ್ನಕ್ಕೆ ಒತ್ತಿ ಬಳಿದ್ಳು. ನಾನೂ ಎದುರಿಗೆ ಕೂತು ಅದೇ ಮೀನು ತಿಂದೆ. ಅಮ್ಮ ಬಾಗಿಲಿಗೆ ಒರಗಿ ಕೂತು ನಮ್ಮಿಬ್ಬರನ್ನೂ ನೋಡ್ತಿದ್ಳು. ಅವಳ ಗಂಟಲು ಒಂದು ಸಲ ಏರಿ ಇಳೀತು, ನಾನು ನೋಡಿದೆ.

ಅತ್ತೆ ಬೆರಳು ಚೀಪೋವರೆಗೂ ಕಾದೆ. ಆಮೇಲೆ ಎದ್ದು ಬೆಣ್ಣೆ ಡಬ್ಬ ತಂದು ಅವಳ ತಟ್ಟೆ ಪಕ್ಕ ಇಟ್ಟೆ, ಮುಚ್ಚಳ ತೆಗೆದು. ಅರ್ಧ ಖಾಲಿ.

‘ಇದರಲ್ಲೇ ಮಾಡಿದ್ದು ಅತ್ತೆ.’

ಅವಳ ಬೆರಳು ಬಾಯಲ್ಲೇ ನಿಂತ್ಬಿಡ್ತು. ಆಮೇಲೆ ಎದ್ದು ಓಡಿದ್ಳು. ನಲ್ಲಿ ಹತ್ರ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗಿದ್ಳು. ಅಮ್ಮ ಎದ್ದು ನಿಂತು ಗೋಡೆ ಹಿಡ್ಕೊಂಡ್ಳು. ನಾನು ಅಲ್ಲಾಡ್ಲಿಲ್ಲ. ಮೂವತ್ತು ವರ್ಷ ಹೊಲಿಗೆ ಮಿಷಿನ್ ತುಳೀತಾ ತುಳೀತಾ ಮನಸ್ಸಲ್ಲೇ ಹೇಳ್ಕೊಂಡಿದ್ದ ಮಾತು, ಒಂದಕ್ಷರ ತಪ್ಪದ ಹಾಗೆ ಹೇಳಿದೆ. ‘ನನಗೆ ನಾಲ್ಕು ತಿಂಗಳಿಗೆ ಬಂತು. ನೀವೂ ನಾಲ್ಕು ತಿಂಗಳು ನೋಡ್ಕೊಳ್ಳಿ. ಬಿಳಿ ಬಂದ್ರೆ ನಮ್ಮಮ್ಮ ಮಾಡಿದ್ದು ತಪ್ಪು, ನಾನು ಮಾಡಿದ್ದೂ ತಪ್ಪು, ಬಂದು ನಿಮ್ಮ ಕಾಲಿಗೆ ಬೀಳ್ತೀನಿ. ಬರ್ಲಿಲ್ಲ ಅಂದ್ರೆ ಅಮ್ಮನ ಎದುರಿಗೆ ನಿಂತು, ತಪ್ಪು ನಿಮ್ಮದಲ್ಲ ಅತ್ತಿಗೆ ಅಂತ ಹೇಳ್ಬೇಕು.’

‘ವಿಷ ಹಾಕ್ಬಿಟ್ಯಲ್ಲೇ ಪಾಪಿ’ ಅಂದ್ಳು ಅತ್ತೆ. ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು. ಬ್ಲೌಸ್ ಬಟ್ಟೆಯ ಚೀಲ ಇಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆದ್ಳು.

ಆ ಬ್ಲೌಸ್ ಎಲ್ಲಾನೂ ಹೊಲಿದೆ. ಮದುವೆ ಹುಡುಗಿ ನನಗೇನು ಮಾಡಿದ್ಳು? ಆದ್ರೆ ಪ್ರತಿ ಭಾನುವಾರ ಊಟದ ಹೊತ್ತಿಗೆ ಸರಿಯಾಗಿ ಅತ್ತೆಗೆ ಫೋನ್ ಮಾಡಿದೆ. ‘ಕೈ ನೋಡ್ಕೊಂಡ್ರಾ ಅತ್ತೆ? ಉಗುರಿನ ಬುಡ ನೋಡಿ, ಅಲ್ಲಿಂದ್ಲೇ ಶುರುವಾಗೋದು.’ ಮೊದಲೆರಡು ವಾರ ಬೈದ್ಳು. ಆಮೇಲೆ ಅತ್ಳು. ಆಮೇಲೆ ಸೊಸೆ ಕೈಗೆ ಫೋನ್ ಕೊಟ್ಳು. ಹಗಲು ಹೊತ್ತಲ್ಲಿ ಅಂಗಳಕ್ಕೆ ಹೋಗಿ ಬಿಸಿಲಿಗೆ ಕೈ ಹಿಡಿದು ನೋಡ್ಕೋತಾರೆ ಅಂತ ಸೊಸೆ ಹೇಳಿದಾಗ, ಸುಳ್ಳು ಯಾಕೆ ಹೇಳ್ಲಿ, ನನಗೆ ಅವತ್ತು ಊಟ ರುಚಿಸ್ತು. ಅಮ್ಮ ನನ್ನ ಹತ್ರ ಮಾತು ಕಮ್ಮಿ ಮಾಡಿದ್ಳು. ಆದ್ರೆ ಭಾನುವಾರ ನಾನು ಫೋನ್ ಇಟ್ಟ ತಕ್ಷಣ, ‘ಏನಂತೆ’ ಅಂತ ಕೇಳೋಳು. ‘ಏನೂ ಬಂದಿಲ್ವಂತೆ’ ಅಂದ್ರೆ ಎದ್ದು ಒಳಗೆ ಹೋಗೋಳು.

ಐದನೇ ತಿಂಗಳು ತರೀಕೆರೇಲಿ ಮದುವೆ. ಛತ್ರದ ಒಳಕೋಣೇಲಿ ಅತ್ತೆ ಬೀಗರ ಹೆಂಗಸರ ಮಧ್ಯೆ ಕೂತಿದ್ಳು. ನಮ್ಮನ್ನ ನೋಡಿ ಕೈ ಎರಡನ್ನೂ ಸೆರಗಿನೊಳಗೆ ಸೇರಿಸಿದ್ಳು. ನಾನು ಬಾಯಿ ತೆಗೆಯೋಕೆ ಮುಂಚೆ ಅಮ್ಮ ಹೋಗಿ ಅವಳ ಎದುರು ನೆಲದ ಮೇಲೆ ಕೂತಳು.

‘ಕೈ ಕೊಡಮ್ಮ’ ಅಂದ್ಳು.

ಬಳೆ ಹಿಂದಕ್ಕೆ ಸರಿಸಿ, ಹತ್ತು ಬೆರಳನ್ನೂ ಒಂದೊಂದಾಗಿ ತಿರುವಿ ನೋಡಿದ್ಳು ಅಮ್ಮ. ಅಕ್ಕಿ ಆರಿಸೋ ಹಾಗೆ ನೋಡಿದ್ಳು. ಗಲ್ಲ ಹಿಡಿದು ತುಟಿ ನೋಡಿದ್ಳು.

‘ಏನೂ ಇಲ್ಲ’ ಅಂದ್ಳು ಅಮ್ಮ.

‘ಇಲ್ಲ ಅತ್ತಿಗೆ.’ ಅತ್ತೆ ತಲೆ ಎತ್ಲಿಲ್ಲ. ನಾನು ಬಾಗಿಲಲ್ಲಿ ನಿಂತು, ‘ಇನ್ನೊಂದು ಮಾತು ಇದೆ ಅತ್ತೆ’ ಅಂದೆ. ಅವಳು ಬೀಗರ ಕಡೆ ನೋಡಿ, ನನ್ನ ಕಡೆ ನೋಡಿ, ಕೊನೆಗೆ ಅಮ್ಮನ ಕೈ ನೋಡ್ತಾ ಹೇಳಿದ್ಳು. ‘ತಪ್ಪು ನಿಮ್ಮದಲ್ಲ ಅತ್ತಿಗೆ. ಆ ಸಂಬಂಧ ಬಿಡೋಕೆ ನಂಗೊಂದು ನೆಪ ಬೇಕಿತ್ತು.’

ನನ್ನ ಹೊಟ್ಟೆ ತಣ್ಣಗಾಯ್ತು. ಮದುವೆ ಊಟದಲ್ಲಿ ಎರಡು ಹೋಳಿಗೆ ಹೆಚ್ಚಿಗೆ ಹಾಕಿಸ್ಕೊಂಡೆ.

ವಾಪಸ್ ಬರ್ತಾ ಬಸ್ಸಲ್ಲಿ ಅಮ್ಮ ನನ್ನ ಬಲಗೈ ತಗೊಂಡು ತನ್ನ ತೊಡೆ ಮೇಲಿಟ್ಕೊಂಡ್ಳು. ಬಿಳಿ ಬೆರಳುಗಳನ್ನ ನೇರವಾಗಿ ನೋಡಿದ್ಳು. ಬೀರೂರು ಹತ್ರ ಬರ್ತಿದ್ದಾಗ, ‘ಅವತ್ತು ನೀನೂ ತಿಂದ್ಯಲ್ಲ, ಹೆದ್ರಿಕೆ ಆಗ್ಲಿಲ್ವಾ’ ಅಂತ ಕೇಳಿದ್ಳು.

ಗೆದ್ದ ಗುಂಗಲ್ಲಿದ್ದೆ ನಾನು. ‘ಹೆದ್ರಿಕೆ ಎಂಥದಮ್ಮ, ಶಿವಮೊಗ್ಗದಲ್ಲಿ ಮೀನೂಟ ಮಾಡಿ ಮೇಲೆ ಮೊಸರನ್ನ ತಿಂತಿದ್ದೀನಿ, ಇಪ್ಪತ್ತು ವರ್ಷದಿಂದ’ ಅಂದೆ.

ಅಮ್ಮ ನನ್ನ ಕೈ ಬಿಟ್ಳು.

‘ಮನೆಗೆ ಬಂದು ಒಂದು ಮಾತು ಹೇಳ್ಲಿಲ್ವಲ್ಲೇ.’

‘ನೀನು ನಂಬ್ತಿರ್ಲಿಲ್ಲ. ಡಾಕ್ಟರ್ ಮಾತೇ ನಂಬ್ಲಿಲ್ಲ.’

‘ನನ್ನ ಕಣ್ಣೆದುರಿಗೆ ತಿಂದಿದ್ರೆ ನಂಬ್ತಿದ್ದೆ. ಅವಳ ಬಾಯಲ್ಲೇ ಹೇಳಿಸ್ಬೇಕು ಅಂತ ನಿಂಗೆ ಹಟ. ಅವಳು ಹತ್ತು ವರ್ಷ ನನ್ನ ಬಾಯಿ ಕಟ್ಟಿದ್ಳು. ಮಿಕ್ಕಿದ ಇಪ್ಪತ್ತು ವರ್ಷ ಕಟ್ಟಿದವಳು ನೀನು.’

ಕಡೂರಲ್ಲಿ ಇಳಿಯೋವಾಗ ಚೀಲ ತಗೊಳ್ಳೋಕೆ ಕೈ ಚಾಚಿದೆ, ಅಮ್ಮ ತಾನೇ ಹೊತ್ಕೊಂಡ್ಳು.

ಮಾರನೇ ಭಾನುವಾರ ಅಮ್ಮ ತಾನೇ ಚೀಲ ಹಿಡ್ಕೊಂಡು ಹೋಗಿ ಅಂಜಲ್ ತಂದ್ಳು. ಬಟ್ಟೇಲಿ ಒತ್ತಿದ್ಳು, ಕಾವಲಿ ಕಾಯಿಸಿದ್ಳು. ಅವತ್ತು ನಾನು ಮಾಡೋವಾಗ ಸ್ನಾನಕ್ಕೆ ಹೋಗಿದ್ದವಳು, ಹೇಗೆ ಕಲ್ತಳು ಅಂತ ನೋಡಿದೆ. ನನ್ನ ಫೋನಲ್ಲಿ ಅದೇ ವಿಡಿಯೋ ಹಾಕಿ, ಗೋಡೆಯ ಗೂಡಲ್ಲಿ ಒರಗಿಸಿಟ್ಟಿದ್ಳು. ಬೆಣ್ಣೇನ ಡಬ್ಬದಿಂದ ಧಾರಾಳವಾಗಿ ತೆಗೆದು ಹಾಕಿದ್ಳು. ನಾನು ತಟ್ಟೆ ಇಟ್ಕೊಂಡು ಕೂತೆ. ಎರಡು ತುಂಡನ್ನೂ ತನ್ನ ತಟ್ಟೆಗೇ ಹಾಕ್ಕೊಂಡ್ಳು. ನನಗೆ ಅನ್ನದ ಮೇಲೆ ಬೇಳೆ ಸಾರು ಬಡಿಸಿದ್ಳು.

‘ನೀನು ಇಪ್ಪತ್ತು ವರ್ಷ ತಿಂದಿದೀಯ’ ಅಂದ್ಳು. ‘ಇವತ್ತು ಕೂತ್ಕೊಂಡು ನೋಡು.’

ಕೂತ್ಕೊಂಡು ನೋಡಿದೆ. ಅವಳು ಕಣ್ಣು ಮುಚ್ಕೊಂಡು ತಿಂದ್ಳು.