ಜವಾಬಿಗಿಂತ ಮೊದಲು ಬಂದ ಬಡಿಗೆಗಳು

ಹೆಣ್ಣೇ ಹೆಚ್ಚು ಎಂದು ಹಾಡುವ ಮೇಳದ ಮಾನ ಕಾಯಲು ಬಂದ ಗಂಡಸರು ನನ್ನ ಬಲಗೈ ಮುರಿದರು. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ಮುರಿದದ್ದು ಅವರ ಕೈಯಲ್ಲವಲ್ಲ.

ಅಫಜಲಪುರದಲ್ಲಿ ನಮ್ಮದೊಂದು ಸಣ್ಣ ಹಾಡಿನ ಕಂಪನಿ. ಕಂಪನಿ ಅಂದರೆ ನಾನು, ನಮ್ಮ ಮನೆಯವರು, ಮಾವ. ಮಾವ ಕ್ಯಾಸೆಟ್ ಕಾಲದಲ್ಲಿ ಶುರು ಮಾಡಿದ್ದು. ಈಗ ಹಾಡುಗಳನ್ನು ನಮ್ಮ ಚಾನೆಲ್ಲಿಗೆ ಬಿಡುತ್ತೇವೆ, ಜನ ಮೊಬೈಲಿನಲ್ಲಿ ಕೇಳುತ್ತಾರೆ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಬಸ್ಸಿನ ಹಾರ್ನ್ ಒಳಗೆ ಬರದಿರಲೆಂದು ಗೋಡೆಗೆಲ್ಲ ಹಳೆಯ ಕೌದಿ ಬಡಿದಿದ್ದೇವೆ. ರೆಕಾರ್ಡಿಂಗ್ ನಮ್ಮ ಮನೆಯವರದು, ಬಾಯಿ ಮಾಡುವ ಕೆಲಸವೆಲ್ಲ ನನ್ನದು.

ನಮಗೆ ಅನ್ನ ಹಾಕುವುದು ಹರದೇಶಿ ನಾಗೇಶಿ ಹಾಡು. ಹರದೇಶಿ ಮೇಳದವರು ಗಂಡು ಹೆಚ್ಚು ಎಂದು ಸವಾಲು ಎಸೆಯುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಜವಾಬು ಕೊಡುತ್ತಾರೆ. ಕ್ಯಾಸೆಟ್ಟಿನ ಒಂದು ಬದಿಗೆ ಸವಾಲು ಇರುತ್ತಿತ್ತು, ಹೊರಳಿಸಿ ಹಾಕಿದರೆ ಜವಾಬು. ಅಷ್ಟರಲ್ಲಿ ಯಾರಿಗೂ ಸಿಟ್ಟು ಏರುತ್ತಿರಲಿಲ್ಲ. ಆದರೆ ಆ ಸಲ ನಮ್ಮ ಮನೆಯವರು ಆಳಂದ ಕಡೆಯ ಹರದೇಶಿ ಮೇಳದ ಸವಾಲನ್ನು ಮೊದಲು ಬಿಟ್ಟು, ನಾವು ಅಕ್ಕ ಎನ್ನುವ ಜೇವರ್ಗಿ ಕಡೆಯ ನಾಗೇಶಿ ಹಾಡುಗಾರ್ತಿಯ ಜವಾಬನ್ನು ಒಂದು ವಾರ ತಡೆದರು. ಜನ ಕಾಯಲಿ, ಕಾದಷ್ಟೂ ಹೆಚ್ಚು ಕೇಳುತ್ತಾರೆ ಎಂದು ಅವರ ಲೆಕ್ಕ. ಎರಡೂ ಒಂದೇ ದಿನ ಬಿಡ್ರಿ ಎಂದು ನಾನು ಬಡಕೊಂಡೆ. ನನ್ನ ಮಾತು ಯಾರು ಕೇಳಬೇಕು!

ಆ ಅಕ್ಕ ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದವಳು. ಸವಾಲಿನಲ್ಲಿ ಅದನ್ನೇ ಹಿಡಿದು ಚುಚ್ಚಿದ್ದರು. ತಮ್ಮನ ಒಲೆಯ ಮುಂದೆ ಕೂತು ಉಣ್ಣುವವಳು ಹೆಣ್ಣು ಹೆಚ್ಚು ಅಂತ ಯಾವ ಬಾಯಿಂದ ಹಾಡುತ್ತಾಳೆ ಎಂದು. ಅಕ್ಕ ನಮ್ಮ ಸ್ಟುಡಿಯೊದಲ್ಲಿ ಕೂತು ಕೊಟ್ಟ ಜವಾಬು ಕೇಳಿ ಮಾವನ ಕಣ್ಣಲ್ಲಿ ನೀರು ಬಂದಿತ್ತು. ಅದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಅದು ಹೊರಗೆ ಬರುವವರೆಗೆ ಲೋಕದ ಕಣ್ಣಲ್ಲಿ ಅವಳು ಸೋತವಳು.

ವಾರ ತುಂಬಲಿಲ್ಲ. ಒಂದು ಮಧ್ಯಾಹ್ನ ಅವಳೂರಿನ ಗಂಡಸರು ಜೀಪು ತುಂಬಿಕೊಂಡು ಬಂದರು. ಮುಂದೆ ಅವಳ ತಮ್ಮ. ಚಹಾದಂಗಡಿಯಲ್ಲಿ ಯಾರೋ ಅವನನ್ನು ಕಿಚಾಯಿಸಿದ್ದರಂತೆ, ನಿಮ್ಮಕ್ಕನ ಬಾಯಿ ಕಟ್ಟಿತೇನು ಅಂತ. ಆಳಂದದವರ ಮಾತು ಕೇಳಿ ನಾವು ಜವಾಬನ್ನು ನುಂಗಿಹಾಕಿದ್ದೇವೆಂದು ಅವರ ತಲೆಗೆ ಹೊಕ್ಕಿತ್ತು. ನಮ್ಮ ಮನೆಯವರು ಬಾಯಿ ತೆರೆಯುವ ಮೊದಲೇ ಹಣೆಗೆ ಬಡಿಗೆ ಬಿತ್ತು. ರಕ್ತ ಕಣ್ಣಿಗಿಳಿದು ಅವರು ಗೋಡೆ ಹಿಡಿದು ಕೂತರು. ಮಾವನನ್ನು ಧೋತರ ಹಿಡಿದು ಬೀದಿಗೆಳೆದರು. ಎದುರಿನ ಅಂಗಡಿಗಳ ಶಟರು ಸರಸರ ಇಳಿದವು.

ನಾನು ಕಂಪ್ಯೂಟರಿಗೆ ಬೆನ್ನು ಕೊಟ್ಟು ನಿಂತೆ.

"ನಿಮ್ಮಕ್ಕನ ಜವಾಬು ಇದರಾಗೇ ಅದ. ಇದನ್ನ ಒಡದ್ರ ಅಕಿ ಖರೇನೇ ಸೋತಂಗ," ಅಂದೆ.

ಅವಳ ತಮ್ಮ ನನ್ನ ಕೆನ್ನೆಗೆ ಬಾರಿಸಿದ. ನನಗೆ ನೆತ್ತಿಗೇರಿತು. ಮೈಕಿನ ಸ್ಟ್ಯಾಂಡ್ ಎತ್ತಿ ಅವನ ಮುಖಕ್ಕೇ ಬೀಸಿದೆ. ತುಟಿ ಸೀಳಿ ಹಲ್ಲು ಕೆಂಪಾಯಿತು. ಸುಳ್ಳು ಯಾಕೆ ಹೇಳಲಿ, ಅದನ್ನು ನೋಡಿ ಹೊಟ್ಟೆ ತಣ್ಣಗಾಯಿತು. ಇನ್ನೊಂದು ಬೀಸುವಷ್ಟರಲ್ಲಿ ಯಾರದೋ ಬಡಿಗೆ ನನ್ನ ಮುಂಗೈಗೆ ಬಿತ್ತು. ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಕೆಳಗೆ ಬಿದ್ದ ನನ್ನನ್ನು ದಾಟಿಕೊಂಡು ಹೋಗಿ ಕಂಪ್ಯೂಟರನ್ನು ಕಿತ್ತು ಬೀದಿಗೆಸೆದರು. ಕಲ್ಲು ಎತ್ತಿ ಹಾಕಿದರು, ಮತ್ತೆ ಹಾಕಿದರು. ತಮ್ಮೂರಿನ ಹೆಣ್ಣುಮಗಳ ದನಿಯನ್ನು ತಾವೇ ಜಜ್ಜಿ, ಅವಳ ಹೆಸರಿಗೆ ಜೈ ಅನ್ನುತ್ತ ಜೀಪು ಹತ್ತಿದರು. ಅವರ ಮನೆ ಹಾಳಾಗಲಿ.

ಪೊಲೀಸರು ಬಂದು ಬರೆದುಕೊಂಡು ಹೋದರು. ಮರುದಿನ ಅಕ್ಕ ಬಸ್ಸಿಗೆ ಬಂದಳು. ಒಳಗೆ ಬಂದವಳು ನನ್ನ ಪ್ಲಾಸ್ಟರ್ ನೋಡಿದಳು, ನಮ್ಮ ಮನೆಯವರ ತಲೆಯ ಪಟ್ಟಿ ನೋಡಿದಳು, ತನ್ನ ಹಾಡು ಎಲ್ಲಿ ಎಂದು ಕೇಳಿದಳು. ಮಾವ ಪುಡಿಯಾದ ಕಂಪ್ಯೂಟರ್ ಡಬ್ಬಿ ತೋರಿಸಿದರು. ನನಗೆ ತಡೆಯಲಾಗಲಿಲ್ಲ. ನಿಮ್ಮ ತಮ್ಮನ ಹತ್ರ ಹೋಗಿ ಕೇಳ್ರಿ ಎಂದು ಬಾಯಿಗೆ ಬಂದಂತೆ ಬೈದೆ. ಬೈದು ನನಗೇ ದಣಿವಾದ ಮೇಲೆ ಅವಳು ನೆಲಕ್ಕೆ ಕೂತು, ಹಾಡುವಾಗ ಬಾರಿಸುವ ದಪ್ಪನ್ನು ಎದೆಗೆ ಆನಿಸಿಕೊಂಡಳು. ಅದನ್ನೇ ಮತ್ತೆ ಹಾಡುತ್ತೀರಾ ಎಂದು ನಮ್ಮ ಮನೆಯವರು ಕೇಳಿದರು.

"ಅದು ಆಳಂದದವರಿಗಿ ಕೊಟ್ಟಿದ್ದು. ಈಗ ನಮ್ಮೂರವರಿಗಿ ಕೊಡ್ತೀನಿ. ಮೊಬೈಲಿನಾಗ ರೆಕಾರ್ಡಿಂಗ್ ಹಚ್ಚು, ತಮ್ಮಾ," ಎಂದು ನಮ್ಮ ಮನೆಯವರಿಗೆ ಹೇಳಿದಳು.

ಹಾಡಿದಳು. ಹೆಂಗಸಿಗೆ ಅನ್ನ ಹಾಕುವ ಕೈ ಯಾವುದೆಂದು ಕೇಳಿದವರು ಹರದೇಶಿಯವರು. ಇದು, ರೊಟ್ಟಿ ಬಡಿಯುವ ಕೈಯನ್ನೇ ಮುರಿದು ಬಂದ ತನ್ನ ತಮ್ಮ ಯಾವ ಮೇಳದವನು ಎಂದು ಕೇಳುವ ಹಾಡು. ತಮ್ಮನನ್ನು ಮರೆಮಾಚಲಿಲ್ಲ, ಮನೆಯನ್ನೂ ಮರೆಮಾಚಲಿಲ್ಲ. ಇದನ್ನು ಬಿಟ್ಟರೆ ನಿಮಗೆ ಮನೆ ಇರುವುದಿಲ್ಲ ಎಂದು ಮಾವ ತಿಳಿಸಿ ಹೇಳಿದರು. ಗೊತ್ತದ, ಬಿಡ್ರಿ ಅಂದಳು. ಆ ಸಂಜೆಯೇ ಬಿಟ್ಟೆವು.

ಎರಡು ದಿನದಲ್ಲಿ ಆ ಹಾಡು ಕೇಳಿಸದ ಟ್ರ್ಯಾಕ್ಟರ್ ಇರಲಿಲ್ಲ. ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವವರೂ ಅದನ್ನೇ ಹಾಕಿಕೊಂಡು ನಮ್ಮ ಬಾಗಿಲ ಮುಂದೆ ಹಾಯುತ್ತಿದ್ದರು. ತಮ್ಮ ಅವಳ ಟ್ರಂಕನ್ನು ಬೀದಿಗಿಟ್ಟ. ಅವಳು ಅದನ್ನು ಹೊತ್ತು ಸೀದಾ ನಮ್ಮಲ್ಲಿಗೆ ಬಂದಳು. ಈಗ ನಾವಿಬ್ಬರೂ ಸೇರಿ ಅಡುಗೆ ಮಾಡುತ್ತೇವೆ. ಉಪ್ಪಿನ ವಿಷಯಕ್ಕೆ ದಿನಾ ಜಗಳ.

ಹೋದ ತಿಂಗಳು ಅವಳ ತಮ್ಮ ಒಬ್ಬನೇ ಬಂದ. ತುಟಿಯ ಕಲೆ ಹಾಗೇ ಇತ್ತು. ಆ ಹಾಡು ಅಳಿಸು, ಮಗಳ ನೆಂಟಸ್ತನ ಮುರೀಲಕತ್ತದ ಎಂದು ಮೊದಲು ಬೇಡಿಕೊಂಡ. ಅವಳು ಅಳಿಸುವುದಿಲ್ಲ ಅಂದಳು. ಅವನು ಸ್ಟುಡಿಯೊದೊಳಗೆ ನುಗ್ಗಿ ಕೈ ಎತ್ತಿದ. ನಾನು ಓಡಿ ಬರುವಷ್ಟರಲ್ಲಿ ಅವಳು ಮೈಕಿನ ಮುಂದೆ ಹೋಗಿ ನಿಂತಿದ್ದಳು.

"ಹೊಡಿ," ಅಂದಳು. "ಮೈಕ್ ಚಾಲೂ ಅದ."

ಎತ್ತಿದ ಕೈ ಅಲ್ಲೇ ನಿಂತಿತು. ಅವನು ಮೈಕನ್ನು ನೋಡಿದ, ಅವಳನ್ನು ನೋಡಿದ, ಚಪ್ಪಲಿ ಮೆಟ್ಟಿಕೊಂಡು ಹೋದ. ಮೋಟರ್‌ಸೈಕಲ್ ಸದ್ದು ದೂರವಾದ ಮೇಲೆ ನಾನು ಅವಳನ್ನು ಕೈಹಿಡಿದು ಕೂಡಿಸಿದೆ. ನನ್ನ ತೊಡೆಯ ಮೇಲೆ ತಲೆಯಿಟ್ಟು, ಸಣ್ಣವನಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ತಾನೇ ಎಂದು ಗಳಗಳ ಅತ್ತಳು. ಮೈಕ್ ಚಾಲೂ ಇರಲು ಮುಂಜಾನೆಯಿಂದ ಊರಲ್ಲಿ ಕರೆಂಟೇ ಇರಲಿಲ್ಲ.